ಕೋಟು ಹೊಲಿಸೋ ಮುಂಚೆ ಒಂದು ಮಾತು

ಅಳಿಯಾ, ಆರತಕ್ಷತೆಗೆ ನೀನು ಕೋಟು ಹೊಲಿಸುವ ವಿಚಾರ ನಿಮ್ಮಮ್ಮ ಹೇಳಿದಳು. ಹಳೇ ಇಟಲಿ, ಫ್ರಾನ್ಸ್ ಸಿನಿಮಾದವರ ಹಾಗೇ ಬೇಕು ಅಂತ ಹಟ ಹಿಡಿದಿದ್ದೀಯಂತೆ. ಬೇಡ ಅನ್ನುವವನಲ್ಲ ನಾನು. ಅರಸೀಕೆರೆ ಪೇಟೆಯಲ್ಲಿ ಕತ್ತರಿ ಹಿಡಿದೇ ಕೂದಲು ಬೆಳ್ಳಗೆ ಮಾಡಿಕೊಂಡವನು, ನೀನು ಕಳಿಸಿದ ಸಿನಿಮಾಗಳನ್ನೆಲ್ಲ ಕೂತು ನೋಡಿದೆ. ಕಥೆ ಎಷ್ಟು ತಲೆಗೆ ಹೋಯಿತೋ ಏನೋ, ಹೊಲಿಗೆಯನ್ನಂತೂ ಬಿಡದೆ ನೋಡಿದ್ದೇನೆ.

ಮೊದಲನೇದಾಗಿ, ಕಪ್ಪು ಬಟ್ಟೆ ತರಬೇಡ. 1960ರ ‘ಲಾ ಡೋಲ್ಚೆ ವೀಟಾ’ದಲ್ಲಿ ಮಾರ್ಚೆಲ್ಲೊ ಮಾಸ್ಟ್ರೊಯಾನಿ ರಾತ್ರಿಯೆಲ್ಲ ರೋಮ್ ಸುತ್ತುವಾಗ ಹಾಕಿರುವ ಕೋಟು ಕಪ್ಪಗೆ ಕಾಣುತ್ತದೆ, ನಿಜ. ಆದರೆ ಅದು ಕಪ್ಪು-ಬಿಳುಪು ಚಿತ್ರ ಕಣಪ್ಪ. ಕಡು ನೀಲಿ, ಕಡು ಕಂದು, ಇದ್ದಿಲು ಬೂದಿ, ಎಲ್ಲವೂ ಅದರಲ್ಲಿ ಕಪ್ಪೇ. ಆ ಚಿತ್ರದ ಉಡುಪಿಗೆ ಪಿಯೆರೊ ಗೆರಾರ್ದಿಗೆ ಆಸ್ಕರ್ ಬಂತು. ಆಗೆಲ್ಲ ಕಪ್ಪು-ಬಿಳುಪಿನ ಚಿತ್ರಗಳ ಉಡುಪಿಗೆ ಬೇರೆಯಾಗಿಯೇ ಪ್ರಶಸ್ತಿ ಕೊಡುತ್ತಿದ್ದರು. ಬಣ್ಣದ ಹಂಗಿಲ್ಲದ ಕಡೆ ಬರೀ ಆಕಾರದಲ್ಲೇ ಗೆಲ್ಲಬೇಕಲ್ಲ, ಅದು ಸುಲಭದ ಕೆಲಸವಲ್ಲ. ನೀನು ಕಲ್ಯಾಣ ಮಂಟಪದ ದೀಪದಡಿ ಅಪ್ಪಟ ಕಪ್ಪು ಕೋಟು ಹಾಕಿ ನಿಂತರೆ, ನಮ್ಮದು ಮೊದಲೇ ಜಂಕ್ಷನ್ ಊರು, ಬಂದ ನೆಂಟರು ಟಿಕೆಟ್ ತೆಗೆದು ತೋರಿಸಿಯಾರು. ಕಡು ನೀಲಿ ತಗೋ.

ಇಟಲಿಯವರ ಕೋಟು ನಿನಗೆ ಹಿಡಿಸಿದ್ದು ನನಗೆ ಸಂತೋಷವೇ. ಲಂಡನ್ನಿನ ಕೋಟು ಚಳಿಗೆ ಹುಟ್ಟಿದ್ದು: ದಪ್ಪ ಉಣ್ಣೆ, ಭುಜಕ್ಕೆ ತುಂಬಿದ ಪ್ಯಾಡು, ಎದೆಗೆ ಬಿರುಸು ಕ್ಯಾನ್ವಾಸು. ರೋಮಿನಲ್ಲಿ 1945ರಲ್ಲಿ ಶುರುವಾದ ಬ್ರಿಯೋನಿ ಅನ್ನುವ ಅಂಗಡಿಯವರು ಆ ಭಾರವನ್ನೆಲ್ಲ ಇಳಿಸಿದರು. 1952ರಲ್ಲಿ ಫ್ಲಾರೆನ್ಸಿನ ಪಿಟ್ಟಿ ಅರಮನೆಯಲ್ಲಿ ಗಂಡಸರ ಬಟ್ಟೆಯನ್ನು ಮಾಡೆಲ್‌ಗಳಿಗೆ ತೊಡಿಸಿ ನಡೆಸಿದವರೂ ಅವರೇ. ಭುಜ ಹಗುರ, ಕೋಟು ಗಿಡ್ಡ, ಪ್ಯಾಂಟು ಕೆಳಕ್ಕೆ ಬರುತ್ತಾ ಕಿರಿದು. ಬಿಸಿಲೂರಿನವರ ಬುದ್ಧಿ ಅದು, ನಮಗೂ ಹೊಂದುತ್ತದೆ. ತೆಳು ಉಣ್ಣೆ ಬಟ್ಟೆ ಮೂರು ಮೀಟರಿನ ಮೇಲೆ ಒಂದಿಷ್ಟು ತಗೋ. ಒಳಗೆ ಅರ್ಧ ಲೈನಿಂಗ್ ಸಾಕು, ಬೆನ್ನಿಗೆ ಗಾಳಿಯಾಡಲಿ. ಲಿನನ್ ಆಸೆ ಬಿಡು. ಮಂಟಪದ ಬಾಗಿಲಿಗೆ ಬರುವಷ್ಟರಲ್ಲಿ ಮುದ್ದೆಯಾಗಿರುತ್ತದೆ.

ಇನ್ನು ಅಸಲು ವಿಷಯ ಕಂಕುಳು. ಆ ಸಿನಿಮಾವನ್ನು ಇನ್ನೊಂದು ಸಲ ಸದ್ದು ಬಂದ್ ಮಾಡಿ ನೋಡು. ಮಾಸ್ಟ್ರೊಯಾನಿ ಕೈ ಎತ್ತುತ್ತಾನೆ, ಕನ್ನಡಕ ಸರಿಮಾಡಿಕೊಳ್ಳುತ್ತಾನೆ, ಕಾರು ಓಡಿಸುತ್ತಾನೆ, ಕೋಟು ಮಾತ್ರ ಕತ್ತು ಬಿಟ್ಟು ಏಳುವುದಿಲ್ಲ. ನಮ್ಮ ಮದುವೆ ಗಂಡುಗಳನ್ನು ನೋಡು: ಆಶೀರ್ವಾದಕ್ಕೆ ಬಂದ ದೊಡ್ಡವರಿಗೆ ಕೈ ಮುಗಿದರೆ ಇಡೀ ಕೋಟು ಕಿವಿಯವರೆಗೆ ಏರುತ್ತದೆ. ಕಾರಣ ಇಷ್ಟೇ. ತೋಳಿನ ಬಾಯಿ ದೊಡ್ಡದಾಗಿ ಕೆಳಗಿಳಿದಷ್ಟೂ ಕೈ ಎತ್ತಿದಾಗ ಅದು ಪಕ್ಕದ ಬಟ್ಟೆಯನ್ನೆಲ್ಲ ಜಗ್ಗುತ್ತದೆ. ಕಂಕುಳಿಗೆ ಹತ್ತಿರವಾಗಿ, ಚಿಕ್ಕದಾಗಿ ಕತ್ತರಿಸಿದರೆ ಕೈ ಒಂದೇ ಆಡುತ್ತದೆ, ಕೋಟು ಇದ್ದಲ್ಲೇ ಇರುತ್ತದೆ. ಟ್ರಯಲ್‌ಗೆ ಬಂದ ಗಿರಾಕಿ ‘ಕಂಕುಳಲ್ಲಿ ಬಿಗಿ’ ಅಂತ ಗೊಣಗುತ್ತಾನೆ ಅಂತಲೇ ಟೈಲರುಗಳು ಸಡಿಲ ಬಿಡುವುದು. ನೀನು ಗೊಣಗಬೇಡ. ತೋಳು ಕೂರಿಸುವುದರಲ್ಲೂ ಒಂದು ಗುಟ್ಟಿದೆ. ತೋಳಿನ ತಲೆಯನ್ನು ಬಾಯಿಗಿಂತ ತುಸು ದೊಡ್ಡದಾಗಿ ಕತ್ತರಿಸಿ, ಹೆಚ್ಚಿದ ಬಟ್ಟೆಯನ್ನು ನೆರಿಗೆ ಕಾಣದಂತೆ ಇಸ್ತ್ರಿಯ ಹಬೆಯಲ್ಲಿ ಕುಗ್ಗಿಸಿ ಹೊಲಿಯಬೇಕು. ಉಣ್ಣೆ ಹೇಳಿದ ಮಾತು ಕೇಳಿ ಕುಗ್ಗುತ್ತದೆ, ಪಾಲಿಯೆಸ್ಟರ್ ಕೇಳುವುದಿಲ್ಲ. ಅಗ್ಗದ ಕೋಟಿನ ಭುಜದಲ್ಲಿ ಕಾಣುವ ಉಬ್ಬುತಗ್ಗು ಬಹಳ ಸಲ ಟೈಲರನ ತಪ್ಪಲ್ಲ, ಬಟ್ಟೆಯದು.

ಕೋಟು ಗಿಡ್ಡ ಆದಮೇಲೆ ಪ್ಯಾಂಟು ಮೇಲೇರಲೇಬೇಕು. ಆ ಕಾಲದವರು ಪ್ಯಾಂಟನ್ನು ಹೊಕ್ಕುಳ ಹತ್ತಿರ ಕಟ್ಟುತ್ತಿದ್ದರು, ನೀವು ಹುಡುಗರು ಸೊಂಟದ ಮೂಳೆಯ ಮೇಲೆ ನೇತುಹಾಕುತ್ತೀರಿ. ಗಿಡ್ಡ ಕೋಟಿಗೆ ಇಳಿದ ಪ್ಯಾಂಟು ಹಾಕಿದರೆ ಗುಂಡಿಯ ಕೆಳಗೆ ಬಿಳೀ ಶರ್ಟಿನ ತ್ರಿಕೋನ ಇಣುಕುತ್ತದೆ, ಅಷ್ಟಕ್ಕೇ ಎಲ್ಲ ಕೆಟ್ಟಿತು. ಫೋಟೋ ತೆಗೆಸಲು ಬೇಲೂರು, ಹಳೇಬೀಡಿಗೆ ಹೋಗುತ್ತೀರಂತೆ. ಚೆನ್ನಕೇಶವನ ಅಂಗಳಕ್ಕೆ ಬೂಟು ಬಿಟ್ಟೇ ಹೋಗಬೇಕು, ಹಳೇಬೀಡಿನಲ್ಲಿ ಜಗತಿ ಹತ್ತುವ ಮುಂಚೆ ಬಿಚ್ಚಬೇಕು. ಬೂಟಿನ ಹಿಮ್ಮಡಿಗೆ ಅಳತೆ ಇಟ್ಟು ಹೊಲಿಸಿದ ಪ್ಯಾಂಟು ಬರಿಗಾಲಿನಲ್ಲಿ ನೆಲ ಗುಡಿಸುತ್ತದೆ. ಹರಡಿನ ಗಂಟಿಗೆ ನಿಲ್ಲಿಸು ಅಂತ ಹೇಳು. ಸಿನಿಮಾದವರದ್ದೂ ಸುಮಾರು ಹಾಗೇ ಇದೆ. ಅದಕ್ಕಿಂತ ಮೇಲೆ ಬೇಡ, 1953ರ ಚಿತ್ರದ ಮೊಸ್ಯೂ ಹ್ಯೂಲೋ ಆಗಿಬಿಡುತ್ತೀಯ, ಜಾಕ್ ತಾತಿ ಗಿಡ್ಡ ಪ್ಯಾಂಟು ಹಾಕಿದ್ದೇ ಜನ ನಗಲಿ ಅಂತ. ಮಧ್ಯಾಹ್ನದ ಕಲ್ಲು ಕಾದಿರುತ್ತದೆ, ಕಾಲುಚೀಲ ಮರೆಯಬೇಡ.

ಟೋಪಿ ಬೇಡ. 1967ರ ‘ಲ ಸಮುರಾಯ್’ನಲ್ಲಿ ಆಲೇನ್ ದೆಲೋ ಕನ್ನಡಿ ಮುಂದೆ ಟೋಪಿಯ ಅಂಚು ಸವರುವುದನ್ನು ನಾನೂ ಮೆಚ್ಚಿದೆ. ಆದರೆ ನಮ್ಮ ಕಡೆ ಗಂಡಿನ ತಲೆಗೆ ಪೇಟ ಇದೆ. ಸಿಗರೇಟಂತೂ ಬೇಡವೇ ಬೇಡ.

ಇದೆಲ್ಲ ನಮಗೆ ಹೊಸದು ಅಂತಲೂ ತಿಳಿಯಬೇಡ. 1968ರಲ್ಲಿ ದೊರೈ-ಭಗವಾನ್ ‘ಜೇಡರ ಬಲೆ’ ತೆಗೆದು ರಾಜಕುಮಾರರಿಗೆ ಸೂಟು ಹಾಕಿಸಿ ಸಿಐಡಿ 999 ಮಾಡಿದರು. ತೆರೆಯ ಆಚೆ ಅವರದ್ದು ಬಿಳೀ ಪಂಚೆ, ಬಿಳೀ ಶರ್ಟು, ಎರಡೂ ಒಪ್ಪುತ್ತಿತ್ತು. ಅದಕ್ಕೂ ಹಿಂದಿನ ನಮ್ಮ ಸ್ಟೈಲು ಬೇಕಾದರೆ ವಿಶ್ವೇಶ್ವರಯ್ಯನವರ, ಮಾಸ್ತಿಯವರ, ಡಿ.ವಿ.ಜಿ.ಯವರ ಫೋಟೋ ತೆಗೆದು ನೋಡು. ನಮ್ಮ ಹೈಸ್ಕೂಲಿನ ಮೇಷ್ಟ್ರುಗಳೂ ಕಚ್ಚೆ ಪಂಚೆಯ ಮೇಲೆ ಕೋಟು ಹಾಕಿಯೇ ಬರುತ್ತಿದ್ದರು. ಬಹುಪಾಲು ಜನಕ್ಕೆ ಇದ್ದದ್ದು ಒಂದೇ ಕೋಟು. 1948ರ ‘ಬೈಸಿಕಲ್ ಥೀವ್ಸ್’ನ ಆ ಬಡಪಾಯಿ ಅಪ್ಪ ಇಡೀ ಊರು ಅಲೆಯುವುದು ಹಳೇ ಕೋಟಿನಲ್ಲೇ. ನನ್ನ ಕಣ್ಣಿಗೆ ಮಾಸ್ಟ್ರೊಯಾನಿಯ ಕೋಟಿಗಿಂತ ಅದೇ ಹೆಚ್ಚು ಚೆನ್ನ. ಮೈಯ ಮೇಲೆ ಸವೆದು ಸವೆದು ಮೈಯದ್ದೇ ಆಕಾರ ತಗೊಂಡಿದೆ. ನೀನೂ ಒಂದು ರಾತ್ರಿಗೆ ಹಾಕಿ ನ್ಯಾಫ್ತಲೀನ್ ಗುಳಿಗೆ ಜೊತೆ ಬೀರುವಿಗೆ ತಳ್ಳುವ ಕೋಟು ಹೊಲಿಸಬೇಡ. ಮಿಂಚು, ಕಸೂತಿ, ಹೊಳೆಯುವ ಕಾಲರ್ ಇಲ್ಲದಿದ್ದರೆ ಆಫೀಸಿಗೂ ಹಾಕಬಹುದು, ಪಂಚೆಯ ಮೇಲೂ ಹಾಕಬಹುದು. ಮುಹೂರ್ತಕ್ಕೆ ಮಾತ್ರ ಪಂಚೆ-ಶಲ್ಯ, ಅದರಲ್ಲಿ ನನ್ನ ಹತ್ತಿರ ವಾದ ಬೇಡ.

ಟೈಲರನ ಹತ್ತಿರ ಕೇಳಬೇಕಾದ್ದು ಇನ್ನೆರಡಿದೆ. ಬೆನ್ನಿನ ಮತ್ತು ಪಕ್ಕದ ಹೊಲಿಗೆಗಳಲ್ಲಿ ಒಳಗೆ ಒಂದೊಂದು ಇಂಚು ಬಟ್ಟೆ ಬಿಡಲಿ. ಮದುವೆಯಾದ ಮೇಲೆ ನಮ್ಮ ಮನೆತನದ ಗಂಡಸರ ಹೊಟ್ಟೆ ನಿನಗೆ ಗೊತ್ತೇ ಇದೆ. ಮೊಬೈಲಿಗೆ ಎಡಗಡೆ ಒಳಜೇಬು ಮಾಡಿಸು, ಪಕ್ಕದ ಜೇಬಿಗೆ ಹಾಕಿದರೆ ಕೋಟು ಒಂದು ಕಡೆ ಜೋಲುತ್ತದೆ. ಕಚ್ಚಾ ಹೊಲಿಗೆಯಲ್ಲಿರುವಾಗಲೇ ಟ್ರಯಲ್ ಹಾಕಿ ನೋಡು, ಪೂರ್ತಿ ಆದಮೇಲಲ್ಲ. ಹಳೇಬೀಡಿನ ಬಳಪದ ಕಲ್ಲು ಗಣಿಯಿಂದ ಬಂದಾಗ ಮೆತ್ತಗಿದ್ದು ಆಮೇಲೆ ಗಟ್ಟಿಯಾಗುತ್ತದಲ್ಲ, ಕೋಟೂ ಹಾಗೇ. ತಿದ್ದಿಸುವುದಿದ್ದರೆ ಮೆತ್ತಗಿರುವಾಗಲೇ ತಿದ್ದಿಸಬೇಕು. ಟ್ರಯಲ್‌ನಲ್ಲಿ ಕುರ್ಚಿಯ ಮೇಲೆ ಕೂರು, ಕೈ ಮುಗಿ, ಬಗ್ಗಿ ಯಾರದ್ದಾದರೂ ಕಾಲು ಮುಟ್ಟು. ಮದುವೆಯಲ್ಲಿ ನೀನು ಮಾಡುವುದು ಅಷ್ಟೇ ತಾನೇ?

ಲಗ್ನದ ಸೀಸನ್ನಿನಲ್ಲಿ ಟೈಲರುಗಳ ಮಾತು ನಂಬಿ ಕೂರಬೇಡ, ಒಂದು ತಿಂಗಳು ಮುಂಚೆಯೇ ಬಟ್ಟೆ ಕೊಡು. ಪೂರ್ತಿ ದುಡ್ಡು ಮುಂಗಡ ಕೊಡಬೇಡ, ಅರ್ಧ ಉಳಿಸಿಕೊಂಡಿರು. ಆ ಕಸುಬಿನಲ್ಲೇ ಇದ್ದವನು, ಅದಕ್ಕೇ ಹೇಳುತ್ತಿದ್ದೇನೆ.