ಅಜ್ಜನ ದಿನಚರಿ: ಮನೆಮಾತಿನಿಂದ ಕನ್ನಡ ಬರವಣಿಗೆಗೆ

(ತರಗತಿ: ಐದು. ಅವಧಿ: ಮೂರು)

ಪೀಠಿಕೆ

ಕಾಸರಗೋಡು, ಮಂಜೇಶ್ವರ ತಾಲೂಕುಗಳ ಕನ್ನಡ ಮಾಧ್ಯಮ ಶಾಲೆಗಳಿಗೆ ಬರುವ ಮಕ್ಕಳ ಮನೆಮಾತು ಒಂದೇ ಅಲ್ಲ. ತುಳು, ಮಲಯಾಳ, ಹವ್ಯಕ ಕನ್ನಡ, ಕೊಂಕಣಿ, ಮರಾಟಿ, ಬ್ಯಾರಿ ಮಾತನಾಡುವ ಮಕ್ಕಳು ಒಂದೇ ಬೆಂಚಿನಲ್ಲಿ ಕುಳಿತಿರುತ್ತಾರೆ. ಗ್ರಾಂಥಿಕ ಕನ್ನಡವು ಇವರಲ್ಲಿ ಅನೇಕರಿಗೆ ಶಾಲೆಯಲ್ಲಿಯೇ ಮೊದಲು ಕಿವಿಗೆ ಬೀಳುವ ಮಾತು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ ಬಳಿಕವೂ ಕನ್ನಡ ಶಾಲೆಯಲ್ಲಿಯೇ ಅಕ್ಷರ ಕಲಿತ ಹಿರಿಯರು ನಮ್ಮ ಮನೆಗಳಲ್ಲಿದ್ದಾರೆ. ಮನೆಯಲ್ಲಿ ಕನ್ನಡ ಪತ್ರಿಕೆಯನ್ನು ಓದುವವರು ಅಜ್ಜ ಒಬ್ಬರೇ ಎಂಬ ಸ್ಥಿತಿಯೂ ಎಷ್ಟೋ ಕಡೆಗಳಲ್ಲಿದೆ. ಅವರ ಕೈಕೆಲಸದೊಂದಿಗೆ ಅಂಟಿಕೊಂಡಿರುವ ಮಾತುಗಳು ಮಗುವಿಗೆ ದಾಟದಿದ್ದರೆ ಮುಂದೆ ಅವನ್ನು ಕಲಿಸುವವರಿಲ್ಲ. ಆದುದರಿಂದ ಈ ಪಾಠಕ್ಕೆ ಅಜ್ಜನ ದಿನಚರಿಯನ್ನೇ ಪಠ್ಯವಾಗಿ ಆರಿಸಲಾಗಿದೆ.

ಉದ್ದೇಶಗಳು

1. ಮನೆಯ ಹಿರಿಯರನ್ನು ಮಾತನಾಡಿಸಿ ವಿಷಯ ಸಂಗ್ರಹಿಸುವುದು.
2. ರೂಢಿಯ ಕ್ರಿಯೆಗಳನ್ನು ಸರಿಯಾದ ಕ್ರಿಯಾಪದಗಳಿಂದ ಹೇಳುವುದು.
3. ಹತ್ತು ವಾಕ್ಯಗಳ ದಿನಚರಿಯನ್ನು ಸ್ವತಂತ್ರವಾಗಿ ಬರೆಯುವುದು.

ಮೊದಲನೆಯ ಅವಧಿ: ಮಾತು, ಪದಸಂಗ್ರಹ

ಹಿಂದಿನ ದಿನವೇ ಮಕ್ಕಳಿಗೆ ಮೂರು ಪ್ರಶ್ನೆಗಳನ್ನು ಕೊಟ್ಟು ಕಳುಹಿಸಬೇಕು. ಅಜ್ಜ ಬೆಳಗ್ಗೆ ಎದ್ದು ಮೊದಲು ಏನು ಮಾಡುತ್ತಾರೆ? ಯಾರೂ ಹೇಳದಿದ್ದರೂ ಇಷ್ಟಪಟ್ಟು ಮಾಡುವ ಕೆಲಸ ಯಾವುದು? ಆ ಕೆಲಸಕ್ಕೆ ಯಾವ ವಸ್ತುಗಳು ಬೇಕು? ಉತ್ತರಗಳನ್ನು ಮಗು ತನ್ನ ಮನೆಮಾತಿನಲ್ಲಿಯೇ ಹೇಳಲಿ. ಶಿಕ್ಷಕರು ಕರಿಹಲಗೆಯಲ್ಲಿ ಮನೆಮಾತಿನ ಪದವನ್ನು ಎಡಕ್ಕೂ ಕನ್ನಡ ಪದವನ್ನು ಬಲಕ್ಕೂ ಬರೆಯಬೇಕು. ‘ಅಜ್ಜ’ ಎಂಬ ಪದದಿಂದಲೇ ಆರಂಭಿಸಬಹುದು: ತುಳುವಿನಲ್ಲಿ ಅಜ್ಜೆರ್, ಮಲಯಾಳದಲ್ಲಿ ಮುತ್ತಚ್ಛನ್. ಸೋಲಾಪುರ, ಅಕ್ಕಲಕೋಟೆಗಳ ಕಡೆಯ ಕನ್ನಡಿಗರು ಮುತ್ಯಾ ಎನ್ನುತ್ತಾರೆ. ಹೊಸೂರು, ಮಡಕಶಿರಾಗಳ ಕಡೆ ತಾತ ಎನ್ನುತ್ತಾರೆ. ಹಾಳೆ, ಸೋಗೆ, ಮಡಲು, ಹಿಡಿಸೂಡಿ, ಮುಟ್ಟಾಳೆ ಮೊದಲಾದ ನಮ್ಮ ಕಡೆಯ ಪದಗಳು ಪಠ್ಯಪುಸ್ತಕದಲ್ಲಿಲ್ಲವೆಂದು ಅವನ್ನು ಅಳಿಸಬಾರದು. ‘ಹಿಡಿಸೂಡಿ’ಯ ಪಕ್ಕದಲ್ಲಿ ‘ಪೊರಕೆ’ಯೂ ಇರಲಿ, ಮಗುವಿಗೆ ಎರಡೂ ಬೇಕು.

ಎರಡನೆಯ ಅವಧಿ: ಓದು, ಭಾಷಾಭ್ಯಾಸ

ಕೆಳಗಿನ ಗದ್ಯಭಾಗವನ್ನು ಶಿಕ್ಷಕರು ಒಮ್ಮೆ ಗಟ್ಟಿಯಾಗಿ ಓದಿ, ಅನಂತರ ಮಕ್ಕಳಿಂದ ಓದಿಸಬೇಕು.

“ನಮ್ಮ ಅಜ್ಜ ಅಂಚೆ ಇಲಾಖೆಯಲ್ಲಿ ದುಡಿದು ನಿವೃತ್ತರಾದವರು. ಈಗಲೂ ಅವರು ಐದು ಗಂಟೆಗೇ ಏಳುತ್ತಾರೆ. ಬಾವಿಯಿಂದ ನೀರು ಸೇದಿ ಹಟ್ಟಿಯ ದನಕ್ಕೆ ಕೊಡುತ್ತಾರೆ. ತೋಟಕ್ಕೆ ಹೋಗಿ ಬಿದ್ದ ಹಾಳೆಗಳನ್ನು ಹೆಕ್ಕಿ ತರುತ್ತಾರೆ. ಕಾಫಿ ಕುಡಿದ ಮೇಲೆ ಜಗಲಿಯಲ್ಲಿ ಕುಳಿತು ಪತ್ರಿಕೆಯ ಪದಬಂಧ ಬಿಡಿಸುತ್ತಾರೆ. ಒಂದು ಪದ ಹೊಳೆಯದಿದ್ದರೆ ಊಟದ ಹೊತ್ತಿಗೂ ಅದನ್ನೇ ಗುನುಗುತ್ತಾರೆ. ಮಧ್ಯಾಹ್ನ ತೆಂಗಿನ ಗರಿಯ ಕಡ್ಡಿಗಳನ್ನು ಹೆರೆದು ಹಿಡಿಸೂಡಿ ಕಟ್ಟುತ್ತಾರೆ. ‘ಪೇಟೆಯಲ್ಲಿ ಸಿಗುವುದಿಲ್ಲವೇ ಅಜ್ಜ?’ ಎಂದರೆ, ‘ಸಿಗುತ್ತದೆ ಮಗಾ, ಆದರೆ ಈ ಕೈ ಸುಮ್ಮನೆ ಕೂರುವುದಿಲ್ಲವಲ್ಲ!’ ಎನ್ನುತ್ತಾರೆ. ಸಂಜೆ ರೇಡಿಯೋ ವಾರ್ತೆ ಕೇಳುತ್ತಾರೆ. ಮಳೆಗಾಲದಲ್ಲಿ ತಾಳಮದ್ದಳೆಗೆ ಹೋಗಿ ಅರ್ಥ ಹೇಳುತ್ತಾರೆ. ಮನೆಯಲ್ಲಿ ತುಳು ಮಾತನಾಡುವ ಅಜ್ಜ ಅಲ್ಲಿ ಕರ್ಣನಾಗಿ ಬೇರೆಯೇ ಕನ್ನಡ ಮಾತನಾಡುತ್ತಾರೆ.”

ಅಭ್ಯಾಸ 1. ‘ಏಳುತ್ತಾರೆ, ತರುತ್ತಾರೆ, ಕಟ್ಟುತ್ತಾರೆ’ ಎಂಬ ರೂಪಗಳನ್ನು ಗುರುತಿಸಲಿ. ಇವು ಈ ಕ್ಷಣದ ಕೆಲಸವನ್ನಲ್ಲ, ದಿನನಿತ್ಯದ ರೂಢಿಯನ್ನು ಹೇಳುತ್ತವೆ. ಬಳಿಕ ‘ಅಜ್ಜ ನೌಕರಿಯಲ್ಲಿದ್ದಾಗ’ ಎಂದು ಆರಂಭಿಸಿ ‘ಏಳುತ್ತಿದ್ದರು, ಹೋಗುತ್ತಿದ್ದರು’ ಎಂಬ ರೂಪಗಳನ್ನು ಹೇಳಿಸಬೇಕು.

ಅಭ್ಯಾಸ 2. ಮಲಯಾಳದ ಕ್ರಿಯಾಪದವು ಕರ್ತೃವಿನ ಲಿಂಗ, ವಚನಗಳಿಗೆ ತಕ್ಕಂತೆ ಬದಲಾಗುವುದಿಲ್ಲ. ಯಾರು ಬಂದರೂ ‘ವನ್ನು’ ಎಂಬುದೇ ರೂಪ. ಕನ್ನಡದಲ್ಲಿ ‘ದನ ಬಂತು, ತಂಗಿ ಬಂದಳು, ಅಜ್ಜ ಬಂದರು’ ಎಂದು ರೂಪ ಬೇರೆಬೇರೆ. ಮಲಯಾಳ ಮನೆಮಾತಿನ ಮಗು ಇಲ್ಲಿ ಎಡವಿದರೆ ಅದು ಅಜಾಗರೂಕತೆಯಲ್ಲವೆಂದು ಶಿಕ್ಷಕರು ತಿಳಿದಿರಬೇಕು. ತುಳುವಿನ ‘ಅಜ್ಜೆರ್ ಬತ್ತೆರ್’ ಎಂಬುದರಲ್ಲಿ ಕನ್ನಡದಂತೆಯೇ ಗೌರವ ಬಹುವಚನವಿದೆ. ಆ ಮಕ್ಕಳಿಗೆ ಈ ಹೋಲಿಕೆಯನ್ನು ತೋರಿಸಿದರೆ ಸಾಕು.

ಅಭ್ಯಾಸ 3. ವೃತ್ತಿ, ಪ್ರವೃತ್ತಿ, ನಿವೃತ್ತಿ ಎಂಬ ಮೂರು ಪದಗಳನ್ನು ಒಟ್ಟಿಗೆ ಬರೆಯಿಸಿ. ವೃತ್ತಿ ಜೀವನೋಪಾಯದ ಕೆಲಸ. ಪ್ರವೃತ್ತಿ ಮನಸ್ಸು ಒಲಿದು ಮಾಡುವ ಕೆಲಸ. ನಿವೃತ್ತಿ ವೃತ್ತಿಯಿಂದ ಹಿಂದೆ ಸರಿಯುವುದು. ಗದ್ಯದಲ್ಲಿ ಅಜ್ಜನ ವೃತ್ತಿ ಯಾವುದು, ಪ್ರವೃತ್ತಿಗಳು ಯಾವುವು ಎಂದು ಕೇಳಬೇಕು.

ಅಭ್ಯಾಸ 4. ಪತ್ತನಾಜೆಗೆ ಯಕ್ಷಗಾನ ಮೇಳಗಳ ತಿರುಗಾಟ ಮುಗಿದ ಬಳಿಕ ಮಳೆಗಾಲದಲ್ಲಿ ತಾಳಮದ್ದಳೆಗಳು ಹೆಚ್ಚು. ಇದರಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹಾಡಿದ ಮೇಲೆ ಅರ್ಥಧಾರಿಯು ಕುಳಿತಲ್ಲಿಯೇ ಆಶುವಾಗಿ ಮಾತು ಕಟ್ಟುತ್ತಾನೆ. ಮಕ್ಕಳು ‘ನೀರು ಕೊಡು’ ಎಂಬ ಮಾತನ್ನು ಮನೆಯಲ್ಲಿ ಹೇಳುವಂತೆ ಒಮ್ಮೆ, ಕರ್ಣನು ಹೇಳುವಂತೆ ಒಮ್ಮೆ ಹೇಳಲಿ. ಗ್ರಾಂಥಿಕ ಕನ್ನಡವು ಪರೀಕ್ಷೆಗೆ ಮಾತ್ರವಲ್ಲ, ತಮ್ಮ ಊರಿನಲ್ಲಿಯೇ ಬಾಳುತ್ತಿರುವ ಮಾತು ಎಂಬುದು ಇದರಿಂದ ಅವರಿಗೆ ಮನದಟ್ಟಾಗುತ್ತದೆ.

ಮೂರನೆಯ ಅವಧಿ: ಬರವಣಿಗೆ

‘ನನ್ನ ಅಜ್ಜನ ಒಂದು ದಿನ’ ಎಂಬ ವಿಷಯವಾಗಿ ಹತ್ತು ವಾಕ್ಯಗಳನ್ನು ಬರೆಯಿಸಬೇಕು. ಅವುಗಳಲ್ಲಿ ಮನೆಯಿಂದ ತಂದ ಎರಡು ಪದಗಳಾದರೂ ಇರಲಿ.

ಶಿಕ್ಷಕರ ಗಮನಕ್ಕೆ

ಅಜ್ಜನಿಲ್ಲದ ಮಗುವಿಗೆ ನೆರೆಮನೆಯ ಹಿರಿಯರ ಕುರಿತು ಬರೆಯಲು ಮೊದಲೇ ಹೇಳಬೇಕು. ಇತರರ ಮುಂದೆ ಕೇಳಿ ನೋಯಿಸಬಾರದು. ನಿವೃತ್ತಿಯು ಸಂಬಳದ ನೌಕರಿಗೆ ಸೇರಿದ ಮಾತು. ತೋಟದ ಕೂಲಿಯವರಿಗೂ ಮೀನುಗಾರರಿಗೂ ಅದರ ದಿನಾಂಕವಿಲ್ಲ. ಎಪ್ಪತ್ತು ದಾಟಿದರೂ ದುಡಿಯುವ ಅಜ್ಜನ ದಿನಚರಿಯನ್ನು ಬರೆದ ಮಗುವಿನ ಬರಹವನ್ನು ಅಷ್ಟೇ ಗೌರವದಿಂದ ತರಗತಿಯಲ್ಲಿ ಓದಿಸಬೇಕು. “ಅಜ್ಜಿಗೆ ನಿವೃತ್ತಿ ಉಂಟೇ?” ಎಂಬ ಪ್ರಶ್ನೆಯನ್ನು ಕೇಳಿ, ಮಕ್ಕಳು ಯೋಚಿಸಿ ಉತ್ತರಿಸುವವರೆಗೆ ಕಾಯಬೇಕು.

ಮೌಲ್ಯಮಾಪನ

ವಿಷಯ ಸಂಗ್ರಹಕ್ಕೆ 3, ಕರ್ತೃ–ಕ್ರಿಯಾಪದಗಳ ಹೊಂದಾಣಿಕೆಗೆ 3, ಮನೆಯ ಪದಗಳ ಬಳಕೆಗೆ 2, ಅಕ್ಷರಶುದ್ಧಿಗೆ 2, ಹೀಗೆ 10 ಅಂಕಗಳು. ತಿದ್ದಿದ ಬರಹವನ್ನು ಮಗು ಮನೆಗೆ ಒಯ್ದು ಅಜ್ಜನಿಗೇ ಓದಿ ಹೇಳಲಿ. ಅವರು ತಿದ್ದಿಸಿದ ಮಾತೊಂದಿದ್ದರೆ ಬರೆದು ತರಲಿ. ಸಂಗ್ರಹವಾದ ಪದಗಳನ್ನು ತರಗತಿಯ ಪದಕೋಶಕ್ಕೆ ಸೇರಿಸಿ, ಮುಂದಿನ ವರ್ಷದ ಮಕ್ಕಳಿಗಾಗಿ ಕಾದಿರಿಸಬೇಕು.