ತಣ್ಣನೆ ಗಾಳಿಗೆ ನಾನೂರು ಡಾಲರ್

ಮಸ್ಟ್ಯಾಂಗ್‌ಗೆ ಹೊಸ ಕೋಲ್ಡ್ ಏರ್ ಇನ್‌ಟೇಕ್ ಹಾಕಿದೆ ಎಂದಾಗ ಗೆಳೆಯರೆಲ್ಲ ಕೇಳಿದ್ದು ಒಂದೇ ಮಾತು: "ಎಷ್ಟು ಹಾರ್ಸ್‌ಪವರ್ ಜಾಸ್ತಿ ಆಯ್ತು?" ಮನೆಯಲ್ಲಿ ಕೇಳಿದ್ದು ಇನ್ನೊಂದು: "ಎಷ್ಟಾಯ್ತು ರೀ?" ಹಣಕಾಸಿನ ಅಂಕಣ ಬರೆಯುವವನು ಎರಡಕ್ಕೂ ಅಂಕಿಯಲ್ಲೇ ಉತ್ತರ ಕೊಡಬೇಕು. ಕೊಡುತ್ತೇನೆ. ಅದಕ್ಕೂ ಮೊದಲು ಆ ವಸ್ತು ಏನು ಮಾಡುತ್ತದೆ ಎಂದು ಹೇಳಬೇಕು, ಯಾಕೆಂದರೆ ಈ ವ್ಯಾಪಾರದಲ್ಲಿ ಹಣ ಸೋರುವುದು ಅಲ್ಲೇ.

ನನ್ನದು 2016ರ ಮಸ್ಟ್ಯಾಂಗ್ ಜಿಟಿ. ಐದು ಲೀಟರಿನ ವಿ8 ಎಂಜಿನ್, ಫೋರ್ಡ್ ಕೊಟ್ಟ ಲೆಕ್ಕದಲ್ಲಿ 435 ಹಾರ್ಸ್‌ಪವರ್. ಕ್ಯಾಲಿಫೋರ್ನಿಯಾದ ಸನಿವೇಲ್‌ನಲ್ಲಿ ನಮ್ಮ ಮನೆ. ಕಾರು ವಾರದ ದಿನಗಳಲ್ಲಿ ಆಫೀಸಿಗೆ, ವಾರಾಂತ್ಯದಲ್ಲಿ ಬೆಟ್ಟದ ರಸ್ತೆಗೆ. ಎಂಜಿನ್‌ಗೆ ಗಾಳಿ ಹೋಗುವ ದಾರಿಯಲ್ಲಿ ಕಂಪನಿಯವರು ಒಂದು ಪ್ಲಾಸ್ಟಿಕ್ ಡಬ್ಬಿ ಇಟ್ಟಿರುತ್ತಾರೆ. ಅದರೊಳಗೆ ಕಾಗದದ ಫಿಲ್ಟರ್. ಈ ಡಬ್ಬಿಯನ್ನು ತೆಗೆದು ಅಗಲವಾದ ನುಣುಪು ಪೈಪು, ದೊಡ್ಡ ಹತ್ತಿಯ ಫಿಲ್ಟರ್, ಎಂಜಿನ್ನಿನ ಶಾಖ ತಡೆಯುವ ಒಂದು ಗೋಡೆ, ಇಷ್ಟನ್ನು ಕೂರಿಸುವುದೇ ಈ ಕಿಟ್‌ನ ಕೆಲಸ. ತಣ್ಣನೆ ಗಾಳಿ ದಟ್ಟವಾಗಿರುತ್ತದೆ, ಅದರಲ್ಲಿ ಆಮ್ಲಜನಕ ಹೆಚ್ಚು, ಹೆಚ್ಚು ಪೆಟ್ರೋಲು ಉರಿಯುತ್ತದೆ, ಶಕ್ತಿ ಹೆಚ್ಚುತ್ತದೆ. ಈ ಮಾತು ಸುಳ್ಳಲ್ಲ. 20 ಡಿಗ್ರಿ ಸೆಲ್ಸಿಯಸ್ ಗಾಳಿಗೆ ಹೋಲಿಸಿದರೆ 50 ಡಿಗ್ರಿಯ ಗಾಳಿ ಶೇಕಡ 9ರಷ್ಟು ತೆಳು.

ಆದರೆ ಕಂಪನಿಯ ಡಬ್ಬಿ ಬಿಸಿ ಗಾಳಿ ಎಳೆಯುತ್ತಿದೆ ಎಂದು ಯಾರು ಹೇಳಿದರು? ಕಿಟ್ ಕೊಳ್ಳುವ ಮುಂಚೆ ನಾನು ಸ್ಟೀರಿಂಗ್ ಕೆಳಗಿನ ಓಬಿಡಿ ಪೋರ್ಟಿಗೆ ಒಂದು ಅಗ್ಗದ ಬ್ಲೂಟೂತ್ ರೀಡರ್ ಸಿಕ್ಕಿಸಿ, ಒಳಹೋಗುವ ಗಾಳಿಯ ಉಷ್ಣಾಂಶವನ್ನು ಫೋನಿನಲ್ಲಿ ನೋಡಿದೆ. ಹೊರಗೆ 21 ಡಿಗ್ರಿ. 280ರ ಹೆದ್ದಾರಿಯಲ್ಲಿ 65 ಮೈಲಿ ವೇಗದಲ್ಲಿ ಹೋಗುವಾಗ ಒಳಗೆ 24. ಮೂರೇ ಡಿಗ್ರಿ ವ್ಯತ್ಯಾಸ. 101ರ ಟ್ರಾಫಿಕ್ಕಿನಲ್ಲಿ ನಿಂತಾಗ 45 ದಾಟಿತು, ನಿಜ. ಆದರೆ ಟ್ರಾಫಿಕ್ಕಿನಲ್ಲಿ ನಿಂತವನಿಗೆ ಪೂರ್ತಿ ಶಕ್ತಿ ಯಾತಕ್ಕೆ? ಕಾರು ಓಡತೊಡಗಿದ ಕೂಡಲೇ ಅಂಕಿ ಇಳಿಯಿತು. ಕಂಪನಿಯ ಡಬ್ಬಿಯ ಮೂತಿ ಮುಂದಿನ ಗ್ರಿಲ್ ಕಡೆಗೇ ಇದೆ. ಅಂದರೆ ಕಾರಿನ ಜೊತೆಗೇ ಒಂದು ಕೋಲ್ಡ್ ಏರ್ ಇನ್‌ಟೇಕ್ ಬಂದಿದೆ, ಅದಕ್ಕೆ ನಾನು ದುಡ್ಡೂ ಕೊಟ್ಟಾಗಿದೆ. ಇನ್ನು ಮಾರುಕಟ್ಟೆಯಲ್ಲಿ ಕೊಳ್ಳಲು ಉಳಿದಿರುವುದು ಆ ಮೂರು ಡಿಗ್ರಿ, ಮತ್ತು ಗಾಳಿಯ ದಾರಿಯ ಒಂದಿಷ್ಟು ಸರಾಗ.

ಆ ಸರಾಗದ ಬೆಲೆಯನ್ನೂ ಅಳೆಸಿದೆ. ಚಕ್ರಗಳನ್ನು ರೋಲರ್ ಮೇಲೆ ಓಡಿಸಿ ಶಕ್ತಿ ಅಳೆಯುವ ಡೈನೊ ಯಂತ್ರದ ಮೇಲೆ, ಕಿಟ್ ಹಾಕುವ ಮುಂಚೆ ಒಮ್ಮೆ, ಹಾಕಿದ ಮೇಲೆ ಒಮ್ಮೆ. ಹೆಚ್ಚಾದದ್ದು 5 ಹಾರ್ಸ್‌ಪವರ್. ಅದೂ 6,000 ಆರ್‌ಪಿಎಂ ದಾಟಿದ ಮೇಲೆ. ಒಂದೇ ಕಾರನ್ನು ಬೆಳಗ್ಗೆ ಒಮ್ಮೆ ಮಧ್ಯಾಹ್ನ ಒಮ್ಮೆ ಓಡಿಸಿದರೂ ಇಷ್ಟು ಏರುಪೇರು ಬರಬಹುದು ಎಂದು ಯಂತ್ರದ ಮುಂದೆ ಕೂತಿದ್ದವರೇ ಹೇಳಿದರು. ಸರಿ, ಐದೂ ನಿಜವೆಂದೇ ಇಟ್ಟುಕೊಳ್ಳೋಣ. ಕಿಟ್‌ಗೆ 400 ಡಾಲರ್, ಹಾರ್ಸ್‌ಪವರ್ ಒಂದಕ್ಕೆ 80 ಡಾಲರ್. ನಾನು ಓಡಾಡುವ ದಾರಿಯಲ್ಲಿ 6,000 ಆರ್‌ಪಿಎಂ ಮುಟ್ಟುವ ಸಂದರ್ಭ ಬಹಳ ಕಡಿಮೆ. ಬಳಸದ ಶಕ್ತಿಗೆ ಈ ದರ ದುಬಾರಿ.

ಮಾರುವವರ ಇನ್ನೊಂದು ವಾದ ಉಳಿತಾಯದ್ದು. ಹತ್ತಿಯ ಫಿಲ್ಟರನ್ನು ತೊಳೆದು, ಒಣಗಿಸಿ, ಎಣ್ಣೆ ಹಚ್ಚಿ ಮತ್ತೆ ಹಾಕಬಹುದು, ಕಾಗದದ ಫಿಲ್ಟರ್ ಕೊಳ್ಳುವ ಖರ್ಚು ತಪ್ಪುತ್ತದೆ ಎನ್ನುತ್ತಾರೆ. ಲೆಕ್ಕ ಹಾಕಿ ನೋಡಿ. ಕಾಗದದ ಫಿಲ್ಟರಿಗೆ ಸುಮಾರು 25 ಡಾಲರ್, ಸಾಮಾನ್ಯ ಓಡಾಟದಲ್ಲಿ 30,000 ಮೈಲಿಗೊಮ್ಮೆ ಬದಲಿಸಿದರೆ ಸಾಕು. 400 ಡಾಲರ್ ವಾಪಸು ಬರಬೇಕಾದರೆ 16 ಫಿಲ್ಟರ್ ಉಳಿಸಬೇಕು, ಅಂದರೆ 4,80,000 ಮೈಲಿ ಓಡಬೇಕು. ವರ್ಷಕ್ಕೆ 6,000 ಮೈಲಿ ಓಡಿಸುವ ನನಗೆ ಅದು 80 ವರ್ಷದ ಮಾತು. ತೊಳೆಯುವ ದ್ರಾವಣ, ಎಣ್ಣೆಯ ಖರ್ಚು ಇದರಲ್ಲಿ ಸೇರಿಲ್ಲ.

ಹಾಗಿದ್ದರೆ ಯಾಕೆ ಕೊಂಡೆ? ಶಬ್ದಕ್ಕಾಗಿ. ಕಂಪನಿಯ ಡಬ್ಬಿ ಗಾಳಿ ನುಗ್ಗುವ ಸದ್ದನ್ನೂ ಅಡಗಿಸುತ್ತದೆ. ಅದನ್ನು ತೆಗೆದಾಗ, ಬೆಟ್ಟದ ಏರಿನಲ್ಲಿ ಆಕ್ಸಿಲರೇಟರ್ ಒತ್ತಿದ ಕೂಡಲೇ ಬಾನೆಟ್ ಅಡಿಯಿಂದ ಒಂದು ಆಳವಾದ ಹೂಂಕಾರ ಏಳುತ್ತದೆ. ಎಂಟು ಸಿಲಿಂಡರುಗಳು ಉಸಿರೆಳೆಯುವುದು ಕಿವಿಗೆ ಸ್ಪಷ್ಟವಾಗಿ ಗೊತ್ತಾಗುತ್ತದೆ. ಹುಡುಗನಾಗಿದ್ದಾಗಿನಿಂದ ನನಗೆ ಎಂಜಿನ್ನಿನ ಸದ್ದೆಂದರೆ ಪ್ರಾಣ. ಇದನ್ನು ಕೊಳ್ಳುವುದರಲ್ಲಿ ಸಂಕೋಚಪಡುವಂಥದ್ದು ಏನೂ ಇಲ್ಲ. ಏನನ್ನು ಕೊಳ್ಳುತ್ತಿದ್ದೇನೆ ಎಂದು ತಿಳಿದು ಕೊಂಡರೆ ಆಯಿತು. ಹಾರ್ಸ್‌ಪವರ್ ಎಂದುಕೊಂಡು ಕೊಂಡವನು ನಿರಾಶನಾಗಿ ಮತ್ತೊಂದು ಪಾರ್ಟ್ ಹುಡುಕುತ್ತಾನೆ, ಆಮೇಲೆ ಇನ್ನೊಂದು. ಶಬ್ದವೆಂದು ಕೊಂಡವನ ಖರ್ಚು ಅಲ್ಲಿಗೇ ನಿಲ್ಲುತ್ತದೆ.

ಖರ್ಚು ಬೆಳೆಯುವ ದಾರಿ ಹೇಗಿದೆ ನೋಡಿ. ಗಾಳಿಯ ಪೈಪಿನಲ್ಲಿ ಮಾಸ್ ಏರ್‌ಫ್ಲೋ ಸೆನ್ಸರ್ ಎಂಬ ಪುಟ್ಟ ಭಾಗವಿದೆ. ಬಿಸಿ ಮಾಡಿದ ಒಂದು ಸೂಕ್ಷ್ಮ ತಂತಿ ಗಾಳಿಗೆ ಎಷ್ಟು ತಣ್ಣಗಾಗುತ್ತದೆ ಎಂಬುದರಿಂದ ಒಳಹೋದ ಗಾಳಿಯ ತೂಕ ಅಳೆಯುತ್ತದೆ, ಆ ಲೆಕ್ಕದ ಮೇಲೆ ಕಂಪ್ಯೂಟರ್ ಪೆಟ್ರೋಲು ಚಿಮ್ಮಿಸುತ್ತದೆ. ಪೈಪಿನ ವ್ಯಾಸ ಹೆಚ್ಚಾದರೆ ಸೆನ್ಸರಿನ ಲೆಕ್ಕ ತಪ್ಪುತ್ತದೆ. ಎಂಜಿನ್ನಿಗೆ ಪೆಟ್ರೋಲು ಕಡಿಮೆ ಬೀಳುತ್ತದೆ. ಹಾಗಾಗಿ ಕೆಲವು ಕಿಟ್‌ಗಳಿಗೆ ಕಂಪ್ಯೂಟರನ್ನೇ ಹೊಸದಾಗಿ ಟ್ಯೂನ್ ಮಾಡಿಸಬೇಕು. ಅದಕ್ಕೆ ಇನ್ನೂ ನಾನೂರು ಐನೂರು ಡಾಲರ್. ಟ್ಯೂನ್‌ಗೆ ತಕ್ಕಂತೆ ಯಾವಾಗಲೂ ಪ್ರೀಮಿಯಂ ಪೆಟ್ರೋಲು. 400 ಎಂದು ಶುರುವಾದದ್ದು ಸಾವಿರದ ಹತ್ತಿರ ಬರಲು ಹೆಚ್ಚು ಹೊತ್ತು ಬೇಡ. ನಾನು ಆರಿಸಿದ್ದು ಸೆನ್ಸರ್ ಕೂರುವ ಕಡೆ ಕಂಪನಿಯ ವ್ಯಾಸವನ್ನೇ ಉಳಿಸಿಕೊಂಡ, ಟ್ಯೂನ್ ಬೇಡದ ಕಿಟ್.

ಕ್ಯಾಲಿಫೋರ್ನಿಯಾದಲ್ಲಿ ಇರುವವರು ಇನ್ನೊಂದು ವಿಷಯ ಮರೆಯಬಾರದು. ಹೊಗೆಯ ನಿಯಂತ್ರಣಕ್ಕೆ ಸಂಬಂಧಪಟ್ಟ ಭಾಗಗಳನ್ನು ಇಲ್ಲಿ ಮನಬಂದಂತೆ ಬದಲಿಸುವ ಹಾಗಿಲ್ಲ. ವಾಹನ ಕಾನೂನಿನ 27156ನೇ ಸೆಕ್ಷನ್ ಅದನ್ನು ತಡೆಯುತ್ತದೆ. ರಾಜ್ಯದ ವಾಯು ಮಂಡಳಿ, ಎಲ್ಲರೂ ಕಾರ್ಬ್ ಎಂದು ಕರೆಯುವ ಸಂಸ್ಥೆ, ಪರೀಕ್ಷಿಸಿ ಒಪ್ಪಿದ ಪಾರ್ಟಿಗೆ ಒಂದು ಇಓ ನಂಬರ್ ಕೊಡುತ್ತದೆ. ಒಂದೇ ಕಂಪನಿಯ ಎರಡು ಕಿಟ್‌ಗಳಲ್ಲಿ ಒಂದಕ್ಕೆ ನಂಬರ್ ಇದ್ದು ಇನ್ನೊಂದಕ್ಕೆ ಇಲ್ಲದಿರಬಹುದು. ನಂಬರ್ ಇದ್ದರೂ ನಿಮ್ಮ ಕಾರಿನ ವರ್ಷಕ್ಕೆ ಅನ್ವಯಿಸದೆ ಇರಬಹುದು. ಕಾರ್ಬ್‌ನವರ ಪಟ್ಟಿಯಲ್ಲಿ ಹುಡುಕಿ ನೋಡುವುದಕ್ಕೆ ಕಾಸು ಖರ್ಚಿಲ್ಲ. ಹೊಸ ಕಾರಿಗೆ ಮೊದಲ ಎಂಟು ವರ್ಷ ಸ್ಮಾಗ್ ಚೆಕ್ ಎಂಬ ಹೊಗೆ ತಪಾಸಣೆಯಿಂದ ವಿನಾಯಿತಿ ಇರುವುದರಿಂದ ಅನೇಕರು ಇದನ್ನು ತಲೆಗೆ ಹಚ್ಚಿಕೊಳ್ಳುವುದಿಲ್ಲ. ಆಮೇಲೆ ಎರಡು ವರ್ಷಕ್ಕೊಮ್ಮೆ ಚೆಕ್ ಬರುತ್ತದೆ, ಕಾರು ಮಾರುವಾಗಲಂತೂ ಇನ್ನೂ ಬೇಗ.

ನನ್ನ ಕಾರಿನ ಸರದಿ ಬಂದಾಗ ಟೆಕ್ನಿಷಿಯನ್ ಮೊದಲು ಮಾಡಿದ ಕೆಲಸ ಬಾನೆಟ್ ಎತ್ತಿ ಟಾರ್ಚ್ ಬಿಟ್ಟದ್ದು. ಕೆಂಪು ಬಣ್ಣದ ದೊಡ್ಡ ಫಿಲ್ಟರ್ ಕಂಡ ಕೂಡಲೇ ಅವನ ಕೈ ಸ್ಟಿಕ್ಕರ್ ಹುಡುಕಿತು. ಶಾಖದ ಗೋಡೆಯ ಮೇಲೆ, ಕಣ್ಣಿಗೆ ಬೀಳುವ ಹಾಗೆ, ಇಓ ನಂಬರಿನ ಬೆಳ್ಳಿ ಸ್ಟಿಕ್ಕರನ್ನು ನಾನು ಅಂಟಿಸಿದ್ದೆ. ನಂಬರ್ ನೋಡಿಕೊಂಡ, ಕಂಪ್ಯೂಟರಿನಲ್ಲಿ ಬಡಿದ, ಬಾನೆಟ್ ಮುಚ್ಚಿದ. ಆ ನಂಬರ್ ಇಲ್ಲದಿದ್ದರೆ ಹೊಗೆ ಎಷ್ಟೇ ಶುದ್ಧವಾಗಿದ್ದರೂ ಫೇಲ್. 2021ರ ಜುಲೈ 19ರಿಂದ ಸಾಫ್ಟ್‌ವೇರನ್ನೂ ನೋಡುತ್ತಾರೆ. ಅನುಮತಿಯಿಲ್ಲದ ಟ್ಯೂನ್ ಇದ್ದರೆ ಅದೂ ಫೇಲ್. ಮತ್ತೆ ಹಳೆಯದಕ್ಕೆ ತಿರುಗಿಸಲು, ಇನ್ನೊಮ್ಮೆ ಚೆಕ್ ಮಾಡಿಸಲು ಆಗುವ ಖರ್ಚನ್ನು ಅಗ್ಗದ ಕಿಟ್‌ನ ಬೆಲೆಗೆ ಸೇರಿಸಿ ನೋಡಬೇಕು.

ವಾರಂಟಿ ವಿಚಾರದಲ್ಲಿ ಜನ ಎರಡೂ ಅತಿಗೆ ಹೋಗುತ್ತಾರೆ. ಹೊರಗಿನ ಪಾರ್ಟ್ ಹಾಕಿದರೆ ವಾರಂಟಿಯೇ ಹೋಯಿತು ಎನ್ನುವುದು ತಪ್ಪು. 1975ರ ಮ್ಯಾಗ್ನುಸನ್-ಮಾಸ್ ಕಾಯ್ದೆಯ ಪ್ರಕಾರ, ಬರೀ ಹೊರಗಿನ ಪಾರ್ಟ್ ಇದೆ ಎಂಬ ಕಾರಣಕ್ಕೆ ಕಂಪನಿ ಕೈ ಎತ್ತುವಂತಿಲ್ಲ. ಆ ಪಾರ್ಟಿನಿಂದಲೇ ಹಾನಿಯಾಯಿತೆಂದು ತೋರಿಸಬೇಕು. ಹಾಗೆಂದು ವಾರಂಟಿಗೆ ಏನೂ ಆಗುವುದಿಲ್ಲ ಎನ್ನುವುದೂ ತಪ್ಪು. ಗಾಳಿ ಸೋರಿಯೋ ಧೂಳು ನುಗ್ಗಿಯೋ ಎಂಜಿನ್ ಸವೆದರೆ ತೋರಿಸುವುದು ಕಷ್ಟವೂ ಅಲ್ಲ. ಇನ್ಶೂರೆನ್ಸ್ ಏಜೆಂಟರಿಗೂ ಒಂದು ಫೋನ್ ಮಾಡಿದ್ದೆ. ಹೊರಗಿನ ಪಾರ್ಟುಗಳಿಗೆ ಪಾಲಿಸಿಯಲ್ಲಿ ಎಷ್ಟು ರಕ್ಷಣೆ ಇದೆ ಎಂದು ಕೇಳಿ, ಬಿಲ್ ಕಳಿಸಿ, ಅವರ ಕಡತದಲ್ಲಿ ಬರೆಸಿದೆ.

ಜೋಡಿಸುವ ಕೆಲಸವನ್ನು ನಾನೇ ಮಾಡಿದೆ. ಇಲ್ಲಿ ಗ್ಯಾರೇಜಿನ ಗಂಟೆಯ ಕೂಲಿ 200 ಡಾಲರ್ ಹತ್ತಿರ ಹೋಗಿದೆ. ಇದು ಒಂದು ಸಂಜೆಯ ಕೆಲಸ. ಎಂಜಿನ್ ತಣ್ಣಗಾಗಲು ಬಿಟ್ಟು, ಬ್ಯಾಟರಿಯ ನೆಗೆಟಿವ್ ತೆಗೆದು, ಹತ್ತು ಎಂಎಂ ಬೋಲ್ಟ್ ಬಿಚ್ಚಿದರೆ ಡಬ್ಬಿ ರಬ್ಬರಿನ ಬುಷ್‌ಗಳಿಂದ ಟಪ್ಪೆಂದು ಮೇಲೆ ಬರುತ್ತದೆ. ಇಡೀ ಕೆಲಸದಲ್ಲಿ ಎಚ್ಚರ ಬೇಕಾಗಿರುವುದು ಒಂದೇ ಕಡೆ: ಹಳೆಯ ಡಬ್ಬಿಯಿಂದ ಆ ಸೆನ್ಸರನ್ನು ತೆಗೆದು ಹೊಸ ಪೈಪಿಗೆ ಕೂರಿಸುವಾಗ. ಎರಡು ಪುಟ್ಟ ಸ್ಕ್ರೂ, ಒಂದು ರಬ್ಬರ್ ರಿಂಗ್. ತಂತಿಗೆ ಬೆರಳು ತಾಗಬಾರದು, ಬಾಣದ ಗುರುತು ಗಾಳಿ ಹೋಗುವ ದಿಕ್ಕಿಗೇ ಇರಬೇಕು, ಪ್ಲಾಸ್ಟಿಕ್ಕಿಗೆ ಸ್ಕ್ರೂ ಬಿಗಿಯುವಾಗ ಕೈಯ ಜೋರು ತೋರಿಸಬಾರದು. ಆಮೇಲೆ ಕ್ಲಾಂಪುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದೆ. ಸೆನ್ಸರಿನ ಆಚೆ ಒಂದು ಸಣ್ಣ ಸಂದು ಉಳಿದರೂ ಅಳತೆಗೆ ಸಿಗದ ಗಾಳಿ ಒಳಹೊಕ್ಕು ಚೆಕ್ ಎಂಜಿನ್ ದೀಪ ಹತ್ತುತ್ತದೆ. ಮುಂದೆ ಫಿಲ್ಟರ್ ತೊಳೆದಾಗಲೂ ಇದೇ ಎಚ್ಚರ: ತಲೆಗೆ ಹರಳೆಣ್ಣೆ ಬಡಿದ ಹಾಗೆ ಎಣ್ಣೆ ಹಚ್ಚಬಾರದು, ಹೆಚ್ಚಾದ ಎಣ್ಣೆ ಹಾರಿ ಅದೇ ತಂತಿಗೆ ಮೆತ್ತಿಕೊಳ್ಳುತ್ತದೆ.

ಈಗ "ಎಷ್ಟಾಯ್ತು ರೀ" ಎಂಬುದಕ್ಕೆ ಉತ್ತರ. ನನಗೂ ಹೆಂಡತಿಗೂ ತಿಂಗಳಿಗೆ ತಲಾ 150 ಡಾಲರಿನ ಒಂದೊಂದು ಸ್ವಂತ ಖಾತೆ ಇದೆ. ಅವಳು ಅದರಲ್ಲಿ ವೀಣೆಯ ಪಾಠಕ್ಕೆ ಕಟ್ಟುತ್ತಾಳೆ, ನಾನು ಕಾರಿಗೆ ಸುರಿಯುತ್ತೇನೆ. ಒಬ್ಬರ ಖಾತೆಗೆ ಇನ್ನೊಬ್ಬರು ತಕರಾರು ಮಾಡುವಂತಿಲ್ಲ. ನಿವೃತ್ತಿಯ 401(ಕೆ), ಮಕ್ಕಳ ಓದಿನ 529, ಆರು ತಿಂಗಳ ಆಪದ್ಧನ, ಇವುಗಳ ಪಾಲು ಸಂಬಳ ಬಂದ ದಿನವೇ ಹೋಗಿರುತ್ತದೆ. ಕಿಟ್, ಎರಡು ಸಲದ ಡೈನೊ ಎಲ್ಲ ಸೇರಿ 650 ಡಾಲರ್ ಈ ಸ್ವಂತ ಖಾತೆಯಿಂದ ಬಂತು, ಕೂಡಿಡುವ ತನಕ ಕಾದೆ. ಕಾಯುವುದು ಬೇಡ, ಕಂತಿನಲ್ಲಿ ಕೊಡಿ ಎಂದು ಪಾರ್ಟ್ ಮಾರುವವರೆಲ್ಲ ಕರೆಯುತ್ತಾರೆ. ಶೇಕಡ 24 ಬಡ್ಡಿಯ ಕ್ರೆಡಿಟ್ ಕಾರ್ಡಿನಲ್ಲಿ 400 ಡಾಲರ್ ಹಾಕಿ ತಿಂಗಳಿಗೆ 25ರಂತೆ ತೀರಿಸಿದರೆ ಸುಮಾರು ಇಪ್ಪತ್ತು ತಿಂಗಳು ಬೇಕು, ಬಡ್ಡಿಯೇ 85 ಡಾಲರ್ ದಾಟುತ್ತದೆ. ಆನಂದಕ್ಕೆ ಬಡ್ಡಿ ಕಟ್ಟಬೇಡಿ ಎಂದು ಈ ಅಂಕಣದಲ್ಲಿ ಹಿಂದೆಯೂ ಬರೆದಿದ್ದೇನೆ, ಮತ್ತೆ ಬರೆಯುತ್ತಿದ್ದೇನೆ.

ನಿಜವಾಗಿ ವೇಗ ಬೇಕೆನ್ನುವವರಿಗೆ ನನ್ನ ಸಲಹೆ ಬೇರೆ. ಒಳ್ಳೆ ಟೈರು, ಹೊಸ ಬ್ರೇಕ್ ಆಯಿಲ್, ಎಸ್‌ಸಿಸಿಎ ಎಂಬ ಕಾರ್ ಕ್ಲಬ್‌ನವರ ಆಟೋಕ್ರಾಸ್‌ನಲ್ಲಿ ಕೆಲವು ಭಾನುವಾರ. ಖಾಲಿ ಮೈದಾನದಲ್ಲಿ ಕೋನ್‌ಗಳ ನಡುವೆ ಓಡಿಸಿ ಕಲಿತದ್ದು ಯಾವ ಪೈಪೂ ಕೊಡುವುದಿಲ್ಲ. ಅಲ್ಲಿಯೂ ಒಂದು ಮಾತು ನೆನಪಿರಲಿ: ಅವರ ಸ್ಟ್ರೀಟ್ ಕ್ಲಾಸಿನಲ್ಲಿ ಕಂಪನಿಯ ಡಬ್ಬಿಯೊಳಗಿನ ಫಿಲ್ಟರ್ ಬದಲಿಸಬಹುದು, ಡಬ್ಬಿಯನ್ನೇ ಬದಲಿಸುವಂತಿಲ್ಲ. ಈ ಕಿಟ್ ಹಾಕಿದರೆ ನಮಗಿಂತ ಹೆಚ್ಚು ತಿದ್ದಿಸಿಕೊಂಡ ಕಾರುಗಳ ಜೊತೆ ಸ್ಪರ್ಧಿಸಬೇಕಾಗುತ್ತದೆ.

ಬೆಂಗಳೂರಿನಲ್ಲಿರುವ ಅಕ್ಕನ ಮಗ ಫೋನಿನಲ್ಲಿ ಈ ಸದ್ದು ಕೇಳಿ ಕುಣಿದುಬಿಟ್ಟ. "ಮಾಮಾ, ನನ್ನ ಪೋಲೊ ಜಿಟಿಗೂ ಓಪನ್ ಫಿಲ್ಟರ್ ಹಾಕಿಸ್ಲಾ? ಹದಿನೈದು ಸಾವಿರ ಅಂತಾರೆ."

"ಸ್ವಲ್ಪ ತಡಿಯೋ," ಎಂದೆ. ಅಲ್ಲಿನ ಲೆಕ್ಕ ಬೇರೆ. 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯ 182ಎ ಸೆಕ್ಷನ್ ಪ್ರಕಾರ, ಅನುಮತಿಯಿಲ್ಲದ ಒಂದೊಂದು ಮಾರ್ಪಾಡಿಗೂ ಮಾಲೀಕನಿಗೆ 5,000 ರೂಪಾಯಿ ದಂಡ, ಆರು ತಿಂಗಳ ತನಕ ಸಜೆಗೂ ಅವಕಾಶ ಇದೆ. ಇನ್ಶೂರೆನ್ಸ್ ಕಂಪನಿಗೆ ತಿಳಿಸದ ಮಾರ್ಪಾಡು ಕ್ಲೇಮ್ ಹೊತ್ತಿನಲ್ಲಿ ತಕರಾರಿಗೆ ದಾರಿ. ಇನ್ನು ಔಟರ್ ರಿಂಗ್ ರೋಡಿನ ಧೂಳು. ಎಂಜಿನ್ ಕೋಣೆಯಲ್ಲಿ ತೆರೆದು ಕೂತ ಫಿಲ್ಟರ್ ಟ್ರಾಫಿಕ್ಕಿನಲ್ಲಿ ಎಳೆಯುವುದು ಬಿಸಿ ಗಾಳಿಯನ್ನೇ. ಡಬ್ಬಿಯೊಳಗೇ ಕೂರುವ ತೊಳೆಯಬಹುದಾದ ಫಿಲ್ಟರ್ ಹಾಕಿಸು, ಉಳಿದದ್ದರಲ್ಲಿ ಮಳೆಗಾಲಕ್ಕೆ ಮುಂಚೆ ಟೈರು ನೋಡಿಸು ಎಂದೆ. ಟೈರು ಹಾಕಿಸಿದ್ದಾನೆ. ಫಿಲ್ಟರ್ ಇನ್ನೂ ಯೋಚನೆಯಲ್ಲಿದೆಯಂತೆ.

ಫೋರ್ಡ್‌ನ ಹಳೆಯ ಡಬ್ಬಿಯನ್ನು ಕಿಟ್ ಬಂದ ರಟ್ಟಿನ ಪೆಟ್ಟಿಗೆಯಲ್ಲೇ ಇಟ್ಟು ಗ್ಯಾರೇಜಿನ ಅಟ್ಟಕ್ಕೇರಿಸಿದ್ದೇನೆ, ಬೋಲ್ಟುಗಳ ಸಮೇತ. ಸೆಕೆಂಡ್ ಹ್ಯಾಂಡ್ ಮಸ್ಟ್ಯಾಂಗ್ ಕೊಳ್ಳುವವರು ಏನನ್ನೂ ಮುಟ್ಟದ ಕಾರಿಗೆ ಹೆಚ್ಚು ಕೊಡುತ್ತಾರೆ. ಮಾರುವ ದಿನ ಅದನ್ನೇ ಮತ್ತೆ ಕೂರಿಸುತ್ತೇನೆ. ಇಓ ನಂಬರಿರುವ ಕಿಟ್ ಬೇರೆಯಾಗಿ ಮಾರಿದರೆ ಅರ್ಧ ಬೆಲೆಯಾದರೂ ಬರುತ್ತದೆ, ಯಾಕೆಂದರೆ ಈ ರಾಜ್ಯದಲ್ಲಿ ಕೊಳ್ಳುವವನು ಮೊದಲು ಕೇಳುವುದೇ ಆ ನಂಬರನ್ನು. ಬಿಲ್ಲು ಮತ್ತು ಕಾರ್ಬ್ ಕಾಗದ ಎರಡೂ ಕಾರಿನ ಫೈಲಿನಲ್ಲಿವೆ.