ದೂರ ಕೂತವರ ಒಡನಾಟ

ಮೊದಲ ಕೆಲಸ ಸಿಕ್ಕಿದೆ. ಕಂಪನಿ ಬೆಂಗಳೂರಿನದು, ಲ್ಯಾಪ್‌ಟಾಪ್ ಮಾತ್ರ ಶಿರಸಿಯ ಮನೆಗೇ ಕೊರಿಯರ್‌ನಲ್ಲಿ ಬಂದಿದೆ. ಇಂಥ ಹೊಸಬರು ಈಗ ನಮ್ಮ ಊರೂರಲ್ಲೂ ಇದ್ದಾರೆ. ಕೆಲಸವನ್ನು ಯಾರಾದರೂ ಹೇಳಿಕೊಡುತ್ತಾರೆ. ಮುಖವನ್ನೇ ಕಾಣದ ಸಹೋದ್ಯೋಗಿಗಳ ಜತೆ ಪರಿಚಯ ಬೆಳೆಸುವುದು ಹೇಗೆಂದು ಸಾಮಾನ್ಯವಾಗಿ ಯಾರೂ ಹೇಳಿಕೊಡುವುದಿಲ್ಲ. ಆಫೀಸಿನಲ್ಲಿ ಅದನ್ನು ಕಲಿಸುವ ಅಗತ್ಯವೇ ಇರಲಿಲ್ಲವಲ್ಲ!

ಅಲ್ಲಿ ಹತ್ತಿರ ಕೂತಿದ್ದರೆ ಸಾಕು, ಅರ್ಧ ಪರಿಚಯ ತಾನಾಗಿ ಆಗುತ್ತಿತ್ತು. ಅಮೆರಿಕದ ಎಂಐಟಿಯ ಪ್ರಾಧ್ಯಾಪಕ ಥಾಮಸ್ ಅಲೆನ್ 1970ರ ದಶಕದಲ್ಲಿ ಎಂಜಿನಿಯರುಗಳ ಮಾತುಕತೆಯನ್ನು ಲೆಕ್ಕಹಾಕಿ ನೋಡಿದರು. ಮೇಜುಗಳ ನಡುವಿನ ದೂರ ಹೆಚ್ಚಿದಂತೆ ಮಾತು ಸರಸರನೆ ಇಳಿಯುತ್ತಿತ್ತು. ಸುಮಾರು 50 ಮೀಟರ್ ದಾಟಿದರೆ ವಾರಕ್ಕೊಮ್ಮೆ ಮಾತಾಡುವುದೂ ಅಪರೂಪ. ಅಷ್ಟು ಹತ್ತಿರದವರ ಪಾಡೇ ಹೀಗೆ, ಶಿರಸಿಗೂ ಬೆಂಗಳೂರಿಗೂ ನಡುವೆಯಂತೂ ಸುಮಾರು 400 ಕಿಲೋಮೀಟರ್ ಇದೆ. ಆದ್ದರಿಂದ ಮೊದಲ ವಾರಗಳಲ್ಲಿ ಯಾರೂ ಮಾತಾಡಿಸದಿದ್ದರೆ ನೊಂದುಕೊಳ್ಳಬೇಡಿ. ಅವರಿಗೆ ನಿಮ್ಮ ಮೇಲೆ ಅಸಡ್ಡೆ ಇದೆ ಎಂದೇನಲ್ಲ, ನೀವು ಅವರ ಕಣ್ಣಿಗೆ ಬೀಳುತ್ತಿಲ್ಲ, ಅಷ್ಟೆ.

ಹಾಗಾದರೆ ಶುರು ಎಲ್ಲಿಂದ? ಪ್ರಶ್ನೆ ಕೇಳುವುದರಿಂದ. ಶುಕ್ರವಾರ ಸಂಜೆಯ ಆನ್‌ಲೈನ್ ಆಟಗಳಿಗೂ ಹೋಗಿ, ತಪ್ಪಿಲ್ಲ. ಆದರೆ ಒಡನಾಟ ಗಟ್ಟಿಯಾಗುವುದು ಕೆಲಸದ ನಡುವೆಯೇ ಎಂದು ನಾನು ನಂಬಿದ್ದೇನೆ. ಚಾಟ್‌ನಲ್ಲಿ ಬರೀ ‘ಹಾಯ್ ಸರ್’ ಎಂದು ಬರೆದು ಉತ್ತರಕ್ಕೆ ಕಾಯಬೇಡಿ. ಆ ಕಡೆಯವರು ತಮ್ಮ ಕೆಲಸ ಬಿಟ್ಟು ‘ಏನು?’ ಎಂದು ಕೇಳಬೇಕಾಗುತ್ತದೆ. ಇಡೀ ವಿಷಯವನ್ನು ಒಂದೇ ಮೆಸೇಜಿನಲ್ಲಿ ಬರೆಯಿರಿ: ‘ಈ ರಿಪೋರ್ಟ್ ತೆಗೆಯಲು ಹೊರಟಿದ್ದೆ, ಹೀಗೆ ಮಾಡಿದೆ, ಈ ಎರರ್ ಬಂತು, ಸಂಜೆಯೊಳಗೆ ತಿಳಿಸಿದರೆ ಸಾಕು.’ ಓದಿದವರು ಬಿಡುವಾದಾಗ ಉತ್ತರಿಸುತ್ತಾರೆ. ಗುಟ್ಟಿನ ವಿಷಯವಲ್ಲದಿದ್ದರೆ ಟೀಮಿನ ಚಾನೆಲ್‌ನಲ್ಲೇ ಕೇಳಿ. ‘ಇಷ್ಟೂ ಗೊತ್ತಿಲ್ಲವೇ ಎಂದುಕೊಂಡರೆ?’ ಎಂಬ ಅಳುಕು ಎಲ್ಲರಿಗೂ ಇರುತ್ತದೆ. ಹೊಸಬರು ಕೇಳುವುದು ಸಹಜ ಎಂದು ಹಳಬರಿಗೆ ಗೊತ್ತು. ಅದೇ ಅನುಮಾನವಿದ್ದ ಇನ್ನೊಬ್ಬ ಹೊಸಬರಿಗೂ ಉತ್ತರ ಸಿಗುತ್ತದೆ, ನೀವು ನಿರೀಕ್ಷಿಸದ ಮೂರನೆಯವರು ಬಂದು ಒಂದು ಮಾತು ಸೇರಿಸುತ್ತಾರೆ. ಸಮಸ್ಯೆ ಬಗೆಹರಿದ ಮೇಲೆ, ಯಾರ ಸಲಹೆಯಿಂದ ಬಗೆಹರಿಯಿತು ಎಂದು ಹೆಸರು ಹೇಳಿ ಅಲ್ಲೇ ಬರೆಯಿರಿ. ಬಹಳ ಜನ ಇದನ್ನು ಮರೆಯುತ್ತಾರೆ. ನೆರವಾದವರಿಗೆ ನೀವು ನೆನಪಿನಲ್ಲಿ ಉಳಿಯುವುದು ಇದರಿಂದಲೇ.

ಇನ್ನೊಂದು ಸಂಗತಿ ಸುಲಭಕ್ಕೆ ಗಮನಕ್ಕೆ ಬರುವುದಿಲ್ಲ. 2020ರ ಮೊದಲ ಆರು ತಿಂಗಳಲ್ಲಿ ಮೈಕ್ರೋಸಾಫ್ಟ್‌ನ ಅಮೆರಿಕದ 61,182 ನೌಕರರ ಮೀಟಿಂಗ್, ಕಾಲ್, ಮೆಸೇಜುಗಳ ಲೆಕ್ಕ ಹಿಡಿದು ಸಂಶೋಧಕರು ಒಂದು ಅಧ್ಯಯನ ಮಾಡಿದರು. 2021ರಲ್ಲಿ ಅದು ಪ್ರಕಟವಾಯಿತು. ಎಲ್ಲರೂ ಮನೆಯಿಂದ ಕೆಲಸ ಮಾಡತೊಡಗಿದ ಮೇಲೆ ಗುಂಪುಗಳೊಳಗಿನ ನಂಟು ಬಿಗಿಯಾಯಿತು, ಗುಂಪು ಗುಂಪುಗಳ ನಡುವಿನ ಕೊಂಡಿಗಳು ಕಡಿಮೆಯಾದವು. ಸ್ವಂತ ಟೀಮಿನವರು ದಿನವೂ ಕಾಲ್‌ನಲ್ಲಿ ಸಿಗುತ್ತಾರೆ. ಸಿಗದವರು ಟೆಸ್ಟಿಂಗ್‌ನವರು, ಅಕೌಂಟ್ಸ್‌ನವರು, ಗ್ರಾಹಕರ ದೂರು ಕೇಳುವವರು. ಹೊಸ ಸುದ್ದಿ, ಹೊಸ ಅವಕಾಶ ಬರುವುದು ಹೆಚ್ಚಾಗಿ ಇಂಥ ದೂರದ ಪರಿಚಯಗಳಿಂದ ಎಂದು ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲೇ ವಾದಿಸಿದ್ದರು. ಆಗಾಗ ಅವರಲ್ಲೊಬ್ಬರಿಗೆ ‘ನಿಮ್ಮ ಕೆಲಸ ಹೇಗೆ ನಡೆಯುತ್ತದೆ ಎಂದು ತಿಳಿಯುವ ಆಸೆ, ಹದಿನೈದು ನಿಮಿಷ ಕೊಡುತ್ತೀರಾ?’ ಎಂದು ಬರೆಯಿರಿ. ಕೆಲವರಿಗೆ ಬಿಡುವಿರುವುದಿಲ್ಲ, ಬೇಸರಿಸದೆ ಮುಂದಿನವರನ್ನು ಕೇಳಿ.

ಕ್ಯಾಮೆರಾ ಬಗ್ಗೆ ಇಷ್ಟು: ಪರಿಚಯದ ಮೊದಲ ಕಾಲ್‌ಗಳಲ್ಲಿ ಹಾಕಿಕೊಳ್ಳಿ. ಆದರೆ ಹೊತ್ತುಗಟ್ಟಲೆ ತನ್ನ ಮುಖವನ್ನೇ ಪರದೆಯ ಮೇಲೆ ನೋಡುತ್ತಿರುವುದು ದಣಿವಿಗೆ ಒಂದು ಕಾರಣ ಎಂದು ಸ್ಟ್ಯಾನ್‌ಫರ್ಡ್‌ನ ಜೆರೆಮಿ ಬೈಲೆನ್ಸನ್ 2021ರಲ್ಲಿ ಬರೆದಿದ್ದಾರೆ. ಆ ಚಿತ್ರವನ್ನು ನಿಮಗೆ ಮಾತ್ರ ಕಾಣದಂತೆ ಮರೆಮಾಡಬಹುದು.

ನಿಮ್ಮ ಊರನ್ನೂ ಮುಚ್ಚಿಡಬೇಡಿ. ಮಲೆನಾಡಿನ ಮಳೆಗಾಲದಲ್ಲಿ ಕರೆಂಟ್, ನೆಟ್‌ವರ್ಕ್ ಎರಡೂ ಕೈಕೊಡುತ್ತವೆ. ಅದನ್ನು ಜೂನ್‌ಗೆ ಮೊದಲೇ ಟೀಮಿಗೆ ಹೇಳಿ, ಅಂಥ ಹೊತ್ತಲ್ಲಿ ಫೋನ್ ಮಾಡಬೇಕಾದ ನಂಬರನ್ನೂ ಕೊಟ್ಟಿರಿ. ಮಳೆ ಹೇಗಿದೆ ಎಂದು ಅವರು ವಿಚಾರಿಸತೊಡಗಿದರೆ ಕೆಲಸದಾಚೆಗಿನ ಮಾತಿಗೂ ದಾರಿಯಾಯಿತು.

ಆಫೀಸಿಗೆ ಬರಲು ಹೇಳಿದಾಗ ಅಲ್ಲಿಯೂ ಮೂಲೆಯಲ್ಲಿ ಲ್ಯಾಪ್‌ಟಾಪ್ ಬಿಚ್ಚಿ ಕೂರಬೇಡಿ. ಚಾಟ್‌ನಲ್ಲಿ ಮಾತ್ರ ಬಲ್ಲವರ ಹೆಸರುಗಳನ್ನು ಹೊರಡುವ ಮೊದಲೇ ಬರೆದಿಟ್ಟುಕೊಳ್ಳಿ. ‘ಮಂಗಳವಾರ ಬರುತ್ತಿದ್ದೇನೆ, ಊಟಕ್ಕೆ ಜತೆಗೆ ಹೋಗೋಣವೇ?’ ಎಂದು ಹಿಂದಿನ ವಾರವೇ ಕೇಳಿ.